ನಲವತ್ತೆರಡರಿಂದ ಅರವತ್ತೊಂದರವರೆಗೆ

೧೨ ಜನವರಿ, ಸೋಮವಾರ

ಭಗವಂತನ ಕೃಪೆಯಿಂದ ಕ್ಷೇಮವಾಗಿ ತಲುಪಿದೆನು. ಕೃಪೆಯ ಪಾಲು ಅಲ್ಲಿಗೇ ಮುಗಿಯಿತೆಂದು ತೋರುತ್ತದೆ. ಜೀಪು ಗುಡ್ಡದ ಬುಡದಲ್ಲಿ ಇಳಿಸಿ ಹಿಂದಿರುಗಿತು. ಅಲ್ಲಿಂದ ಮೇಲಕ್ಕೆ ಎಪ್ಪತ್ತೊಂದು ವರ್ಷ ಸವೆದ ಈ ಮೊಣಕಾಲುಗಳೇ ವಾಹನ. ಶಿಬಿರವೆಂದರೆ ನಾಲ್ಕು ಡೇರೆ, ಒಂದು ತಗಡಿನ ಶೆಡ್ಡು, ಒಂದು ನೀರಿನ ಟ್ಯಾಂಕು, ಮತ್ತು ದಿನವಿಡೀ ಹಲ್ಲು ಕಡಿಯುವ ಕೊರೆಯುವ ಯಂತ್ರ. ಎಲ್ಲದರ ಮೇಲೂ ಕೆಂಧೂಳು. ಮುಖ ಒರೆಸುವ ವಸ್ತ್ರ, ಕುಡಿಯುವ ನೀರಿನ ಲೋಟ, ಪ್ರಾರ್ಥನೆಗೆ ಹಾಸುವ ಚಾಪೆ, ಯಾವುದಕ್ಕೂ ವಿನಾಯಿತಿಯಿಲ್ಲ.

ನಿವೃತ್ತನಾಗಿ ಹನ್ನೊಂದು ವರ್ಷವಾದ ಮೇಲೆ ನನ್ನನ್ನು ಇಲ್ಲಿಗೆ ಎಳೆತಂದವನು ನನ್ನ ಶಿಷ್ಯ. ಅಂದು ನನ್ನ ಸುತ್ತಿಗೆ ಹೊರುತ್ತಿದ್ದವನು ಇಂದು ಈ ಕಂಪನಿಯ ಮ್ಯಾನೇಜರು. ಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ಅದಿರಿರುವುದು ದಾರಿಹೋಕನಿಗೂ ಗೊತ್ತು. ಅದು ಆಳಕ್ಕಿಳಿದಿದೆಯೋ, ಬೋಳುತಲೆಯ ಮೇಲಿನ ಟೋಪಿಯಂತೆ ಮೇಲಷ್ಟೇ ಕೂತಿದೆಯೋ ಎಂಬುದೇ ಪ್ರಶ್ನೆ. ಅದಕ್ಕಾಗಿ ಮೂರು ರಂಧ್ರ. ಯಂತ್ರವು ಒಳಗಿನಿಂದೆತ್ತಿ ಕೊಡುವ ಕಲ್ಲಿನ ಉರುಳೆಗಳನ್ನು (ಇವರು ಕೋರ್ ಎನ್ನುತ್ತಾರೆ) ಮೀಟರು ಮೀಟರಾಗಿ ಪರೀಕ್ಷಿಸಿ, ವಿವರ ಬರೆಸಿ (ಅದು ಇವರ ಬಾಯಲ್ಲಿ ಲಾಗ್), ಪ್ರತಿ ಪುಟವನ್ನೂ ಓದಿ ಸಹಿ ಮಾಡುವುದು ನನ್ನ ಕೆಲಸ. ಪುಟದ ಬುಡದಲ್ಲಿ 'ಓದಿ ಒಪ್ಪಿದ್ದೇನೆ' ಎಂದು ಅಚ್ಚಾಗಿದೆ. ನನ್ನ ಷರತ್ತೊಂದೇ: ದಾಖಲೆಯು ನಮ್ಮ ಭಾಷೆಯಲ್ಲಿ, ಶುದ್ಧವಾಗಿರಬೇಕು. ನೆಲದಡಿಯ ಸಂಗತಿಯನ್ನು ನಮ್ಮ ನುಡಿಯಲ್ಲಿ ಬರೆಯಲಾಗದೆಂದು ನಲವತ್ತು ವರ್ಷ ನಕ್ಕವರಿಗೆ ಇದೇ ಉತ್ತರ. "ಈ ಗುಡ್ಡ ಮುಗೀಲಿ ಸರ್, ಸರಿಹೋದ್ರೆ ಎಲ್ಲಾ ಕಡೆ ಹಾಗೇ ಮಾಡೋಣ" ಎಂದಿದ್ದಾನೆ ಶಿಷ್ಯ.

ಬರೆದುಕೊಳ್ಳಲು ಒಬ್ಬ ಹೆಂಗಸನ್ನು ಕೊಟ್ಟಿದ್ದಾರೆ. ವಯಸ್ಸು ನಲವತ್ತರ ಹತ್ತಿರ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳಂತೆ. ಶಾಲೆ ಮುಚ್ಚಿತು, ಇಲ್ಲಿಗೆ ಬಂದಳು. ಎಲ್ಲರೂ ಟೀಚರ್ ಎನ್ನುತ್ತಾರೆ. ಪರೀಕ್ಷಾವಧಿಯ ಆರು ತಿಂಗಳು ಫೆಬ್ರವರಿಗೆ ಮುಗಿಯುತ್ತದೆ. ಈ ಮೂರು ರಂಧ್ರಗಳ ಬರಹ ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲವೆಂದೂ ಓದುವ ಮಗಳೊಬ್ಬಳಿದ್ದಾಳೆಂದೂ ಶಿಷ್ಯ ಹೇಳಿದ. ನನಗೇಕೆ ಹೇಳಿದನೋ.

ನನ್ನವಳು ಕಣ್ಣಿನ ಡಾಕ್ಟರ ಚೀಟಿಯನ್ನು ನನ್ನ ಚೀಲಕ್ಕೆ ತುರುಕಿದ್ದಾಳೆ. ಇಲ್ಲಿ ಕಣ್ಣಿಗೇನೂ ಆಗಿಲ್ಲ. ಡೇರೆಯ ಬಲ್ಬು ಮಂಕು.

೧೪ ಜನವರಿ, ಬುಧವಾರ

ಈ ಕೊರೆಯುವವನ ಅಕ್ಷರಕ್ಕೆ ಶಾಪ ಹಾಕಬೇಕೆನಿಸುತ್ತದೆ. ಕೋರ್ ಇಡುವ ಮರದ ಪೆಟ್ಟಿಗೆಗಳಲ್ಲಿ ಅಲ್ಲಲ್ಲಿ ಆಳದ ಅಂಕಿ ಬರೆದ ಮರದ ತುಂಡುಗಳಿರುತ್ತವೆ. ಇವನು ಬರೆಯುವುದು ಕೋಳಿ ಕೆದಕಿದ ಹಾಗೆ. ಏಳೋ ಒಂದೋ ದೇವರೇ ಬಲ್ಲ. ಪ್ರತಿ ತುಂಡನ್ನೂ ಟೀಚರ ಕೈಯಲ್ಲೇ ಓದಿಸಬೇಕಾಯಿತು.

ಬರೆದುಕೊಂಡದ್ದನ್ನು ಸಂಜೆ ಓದು ಎಂದೆ. "ಹನ್ನೆರಡರಿಂದ ಹದಿಮೂರು: ಬೆಣಚು ಕಲ್ಲು. ಅದಿರು... ಇಲ್ಲ" ಎಂದು ಓದಿದಳು.

"ಅದಿರು ಎಂದಾದ ಮೇಲೆ ಏಕಮ್ಮ ನಿಂತೆ? ಕಾಲು ನೋವೇ?"

"ಅಲ್ಲಿ ಜಾಗ ಬಿಟ್ಟಿದೀನಿ ಸರ್."

"ಏಕೆ ಬಿಟ್ಟೆ? ಅದಿರು, ಇಲ್ಲ, ಎರಡೂ ಸೇರಿದಾಗ ನಡುವಿನ ಉಕಾರ ಬಿದ್ದುಹೋಗುತ್ತದೆ. ಲೋಪಸಂಧಿ. ಅದಿರಿಲ್ಲ. ಶಾಲೆಯಲ್ಲಿ ಏನು ಹೇಳಿಕೊಟ್ಟೆಯಮ್ಮ?"

"ಹೇಳ್ಕೊಟ್ಟಿದೀನಿ ಸರ್. ಆದ್ರೆ ಇಲ್ಲಿ ಬಿಡಿಸಿ ಬರೆದ್ರೆ ಗೊಂದಲ ಇರಲ್ಲ ಅಂತ."

"ಗೊಂದಲವಿರುವುದು ನಿನ್ನ ಬರಹದಲ್ಲಿ. ನಾನು ಹೇಳಿದಂತೆ ಬರೆ."

ಯಂತ್ರದ ಬಳಿಯಿಂದ ಕೊರೆಯುವವನು ತಲೆ ತೂರಿಸಿದ. "ಪಂಡಿತ್ರೇ, ಸಂಧಿ ಮಾಡಿದ್ರೆ ಅದಿರು ಜಾಸ್ತಿ ಸಿಗುತ್ತಾ? ಹಾಗಾದ್ರೆ ನಮ್ಮ ಹುಡುಗ್ರಿಗೂ ಹೇಳ್ಕೊಡಿ, ಯಂತ್ರದ ಬಿಟ್ಟಿನ ಹಲ್ಲು ಸವೆಯೋದಾದ್ರೂ ತಪ್ಪುತ್ತೆ."

ನಾಳೆಯಿಂದ ಗಟ್ಟಿಯಾಗಿ ಓದಿಸುವ ಶಿಕ್ಷೆ ನನ್ನ ಕಿವಿಗೆ ಬೇಡ. ಪುಟಗಳನ್ನು ನಾನೇ ಓದಿಕೊಳ್ಳುತ್ತೇನೆ.

೧೬ ಜನವರಿ, ಶುಕ್ರವಾರ

ಇಂದು ಆರು ಪುಟ ಓದಿ ಸಹಿ ಮಾಡಿದೆ. ಈಗಿನ ಪೆನ್ನುಗಳ ಶಾಯಿ ನೀರು. ನಮ್ಮ ಕಾಲದ ಶಾಯಿ ಬಟ್ಟೆಗೆ ತಗಲಿದರೆ ಬಟ್ಟೆ ಹರಿದರೂ ಹೋಗುತ್ತಿರಲಿಲ್ಲ.

ಕಲ್ಲನ್ನು ಒರೆ ಹಚ್ಚುವುದನ್ನು ಟೀಚರಿಗೆ ಕಲಿಸುತ್ತಿದ್ದೇನೆ. ಹೊಳಪಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಒಳ್ಳೆಯ ಅದಿರು ಒಣಗಿದ ರಕ್ತದಂಥ ಗೆರೆ ಬಿಡುತ್ತದೆ. ನಾನು ಉಜ್ಜುತ್ತೇನೆ, ಬಣ್ಣ ಅವಳು ಹೇಳಬೇಕು. ಕಲಿಯುವುದು ಹೀಗೆಯೇ. ತೂಕ ಮಾತ್ರ ನನ್ನದು: ಉರುಳೆಯನ್ನು ಅಂಗೈಯಲ್ಲಿಟ್ಟರೆ ಸಾಕು, ಕಬ್ಬಿಣವೆಷ್ಟು ಬೆಣಚೆಷ್ಟು ಎಂದು ಮಣಿಕಟ್ಟೇ ಹೇಳುತ್ತದೆ.

೨೧ ಜನವರಿ, ಬುಧವಾರ

ಶೆಡ್ಡಿನ ಮೆಟ್ಟಿಲು ಕಟ್ಟಿದ ಮೂರ್ಖ ಯಾರು? ಕೊನೆಯದು ಉಳಿದವುಗಳಿಗಿಂತ ಗಿಡ್ಡ. ಮೊಣಕೈ ತರಚಿದೆ.

೨೩ ಜನವರಿ, ಶುಕ್ರವಾರ

ಮೊದಲ ರಂಧ್ರ ಮುಗಿಯಿತು. ಮೇಲೆ ಹದಿನೇಳು ಮೀಟರು ಒಳ್ಳೆಯದು, ಬೆಣಚಿನ ಒಂದು ಸಣ್ಣ ಪಟ್ಟಿಯನ್ನು ಬಿಟ್ಟು, ಆಮೇಲೆ ಕಲಬೆರಕೆ. ಇಪ್ಪತ್ತೆಂಟನೆಯ ಮೀಟರಿನಲ್ಲಿ ತುಸು ಭಾರದ ಉರುಳೆಯೊಂದಿತ್ತು. "ಕಪ್ಪು, ಭಾರ, ಹೊಳಪಿಲ್ಲ" ಎಂದು ಬರೆಸಿದೆ. ಟೀಚರು ಪೆನ್ನು ಹಿಡಿದು ಹಾಗೇ ಕುಳಿತಳು.

"ಸರ್, ಇದು..."

"ನಿನ್ನ ಅಭಿಪ್ರಾಯ ನಾನು ಕೇಳಿದೆನೇ?"

"ಇಲ್ಲ ಸರ್."

"ಹೇಳಿದ್ದನ್ನಷ್ಟೇ ಬರೆ."

ಬರೆದಳು. ಈ ಹೆಂಗಸಿಗೆ ಪ್ರತಿ ಕಲ್ಲಿಗೂ ಒಂದು ಮಾತು ಬೇಕು. ತರಗತಿ ತಪ್ಪಿದರೂ ತರಗತಿಯ ಚಾಳಿ ತಪ್ಪಿಲ್ಲ.

ನನ್ನವಳು ಫೋನು ಮಾಡಿದ್ದಳು. "ಕಣ್ಣು ಹೇಗಿದೆ?" ಎಂಬುದೇ ಮೊದಲ ಪ್ರಶ್ನೆ. ಮನುಷ್ಯ ಹೇಗಿದ್ದಾನೆಂದು ಕೇಳುವವರಿಲ್ಲ. "ಹೋದ ತಿಂಗಳು ಸಕ್ಕರೆ ಅಂತ ಉಪ್ಪು ಹಾಕ್ಕೊಂಡು ಕಾಫಿ ಕುಡಿದ್ರಲ್ಲ, ಅದು ನೆನಪಿದೆಯೇನ್ರೀ?" ಎಂದಳು. ಡಬ್ಬಿಗಳೆರಡೂ ಒಂದೇ ಗಾತ್ರದವು. ಅದನ್ನು ನೂರು ಬಾರಿ ಹೇಳಿದ್ದೇನೆ.

೨೯ ಜನವರಿ, ಗುರುವಾರ

ತಲೆ ಸಿಡಿಯುತ್ತಿದೆ. ಎರಡನೆಯ ರಂಧ್ರದ ಕೋರನ್ನು ಶೆಡ್ಡಿಗೆ ಹೊರಲು ಆಳಿಲ್ಲವೆಂದು ಯಂತ್ರದ ಪಕ್ಕದಲ್ಲೇ ಪೆಟ್ಟಿಗೆಗಳನ್ನು ಹರಡಿಕೊಂಡು ಕೂತೆವು. ಅಷ್ಟು ಸದ್ದಿನಲ್ಲಿ ದೇವರ ಹೆಸರೇ ನನಗೆ ಕೇಳಿಸದು.

ನಲವತ್ತೆರಡರವರೆಗೆ ಕಲಬೆರಕೆ. ಅಲ್ಲಿಂದ ಅರವತ್ತೊಂದರವರೆಗೆ, ಹತ್ತೊಂಬತ್ತು ಮೀಟರು, ಉರುಳೆಗಳು ಎತ್ತಿದರೆ ಹಗುರ. ಬೆಣಚಿನ ಪಟ್ಟೆ ಬಿಟ್ಟರೆ ಮತ್ತೇನಿಲ್ಲ. ಅದಿರು ಇಲ್ಲಿಗೆ ಮುಗಿದಿದೆ. ಟೋಪಿಯೇ ಹೊರತು ತಲೆಯಲ್ಲ. ಒಂದೇ ಪದದಲ್ಲಿ ಬರೆಸಿದೆ.

"ಸರ್, ಏನಂದ್ರಿ?"

ಮತ್ತೆ ಹೇಳಿದೆ.

"ಕೇಳಿಸ್ಲಿಲ್ಲ ಸರ್, ಇನ್ನೊಂದ್ಸಲ..."

"ಕಿವಿಯನ್ನು ಮನೆಯಲ್ಲಿಟ್ಟು ಬಂದಿದ್ದೀಯೇನಮ್ಮ? ಎಷ್ಟು ಸಲ ಹೇಳಲಿ? ಬರೆದು ಮುಂದೆ ನಡೆ!"

ನಡೆದಳು. ಗದರಿದ್ದಕ್ಕೆ ಮುಖ ಸಣ್ಣದಾಯಿತೋ ಏನೋ, ಧೂಳಿನಲ್ಲಿ ತಿಳಿಯಲಿಲ್ಲ. ಸಂಜೆ ಪುಟಗಳನ್ನು ಓದಿ ಸಹಿ ಮಾಡಿ ಕಳುಹಿಸಿದೆ.

೨ ಫೆಬ್ರವರಿ, ಸೋಮವಾರ

ಶಿಷ್ಯ ಬಂದಿದ್ದ. ಬಹಳ ದಿನಗಳ ಮೇಲೆ ಒಂದು ಒಳ್ಳೆಯ ಮಾತು ಕಿವಿಗೆ ಬಿತ್ತು.

"ಎರಡನೇ ಬೋರಿನ ಲಾಗ್ ಓದಿದೆ ಸರ್. ಮೈ ಜುಮ್ಮಂತು! ಹತ್ತೊಂಬತ್ತು ಮೀಟರು, ಒಂದೇ ಪದದಲ್ಲಿ ಮುಗಿಸಿಬಿಟ್ಟಿದೀರಿ."

"ಅದೇ ನಮ್ಮ ಭಾಷೆಯ ಬಲವಪ್ಪ. ಎರಡು ಪದಗಳ ಕೆಲಸವನ್ನು ಸಂಧಿಯೊಂದು ಮಾಡುತ್ತದೆ."

"ಆಫೀಸಲ್ಲಿ ಎಲ್ಲರಿಗೂ ತೋರಿಸಿದೆ ಸರ್."

ಟೀಚರ ಕಡೆ ತಿರುಗಿ, ನೋಡು, ಎಂದೆ. ಅವಳು ತಲೆ ತಗ್ಗಿಸಿ ಪೆಟ್ಟಿಗೆಗೆ ಚೀಟಿ ಅಂಟಿಸುತ್ತಿದ್ದಳು.

ಒಂದು ಮಾತ್ರ ತಿಳಿಯಲಿಲ್ಲ. ಯಂತ್ರವನ್ನು ಪೂರ್ವದ ಇಳಿಜಾರಿಗೆ ಸಾಗಿಸಲು ಅಪ್ಪಣೆ ಮಾಡಿದ್ದಾನೆ. ದಾರಿ ಕಡಿಯುವ ಬುಲ್ಡೋಜರೂ ಬಂದಿದೆ. ಪದರಗಳು ಪೂರ್ವಕ್ಕೆ ವಾಲಿವೆ ನಿಜ. ಕೆಳಗೆ ಅದಿರಿದ್ದರೆ ಅದನ್ನು ಹಿಂಬಾಲಿಸಿ ಪೂರ್ವಕ್ಕೆ ಹೋಗುವುದು ನ್ಯಾಯ. ಇಲ್ಲವೆಂದ ಮೇಲೆ ಏಕೆ? ಟೋಪಿ ದಪ್ಪವಾಗಿರುವುದು ಪಶ್ಚಿಮದ ನೆತ್ತಿಯಲ್ಲಿ.

"ಪೂರ್ವಕ್ಕೆ ಏಕಯ್ಯ?" ಎಂದೆ.

"ನಿಮ್ಮ ಲಾಗೇ ಹೇಳ್ತಿದೆಯಲ್ಲ ಸರ್!" ಎಂದು ನಕ್ಕು ಜೀಪು ಹತ್ತಿದ.

ಗುರುವು ಶಿಷ್ಯನನ್ನು ಎರಡು ಬಾರಿ ಕೇಳುವುದು ಸಲ್ಲದು.

೧೦ ಫೆಬ್ರವರಿ, ಮಂಗಳವಾರ

ಮೂರನೆಯ ರಂಧ್ರ, ಐವತ್ತು ಮೀಟರು. ಬೆಣಚು, ಬೆಣಚು, ಬೆಣಚು. ಕೊರೆಯುವವನ ಮೂರು ಬಿಟ್ಟುಗಳು ಹಲ್ಲುದುರಿ ಬಿದ್ದಿವೆ. "ಇದು ಗುಡ್ಡ ಅಲ್ಲ ಪಂಡಿತ್ರೇ, ನಮ್ಮತ್ತೆ ಮನಸ್ಸು. ಎಲ್ಲಿ ಕೊರೆದ್ರೂ ಕಲ್ಲೇ" ಎಂದ.

ಈ ನೋಟುಬುಕ್ಕಿನ ಗೆರೆಗಳು ಎಷ್ಟು ತೆಳುವೆಂದರೆ ಗೆರೆ ಹೊಡೆಯದೇ ಹೊಡೆದೆವೆಂದು ಮಾರಿದ್ದಾರೆ.

೧೭ ಫೆಬ್ರವರಿ, ಮಂಗಳವಾರ

ಪ್ರಯೋಗಶಾಲೆಯ ಫಲಿತಾಂಶ ಬಂದಿದೆ. ಶಿಷ್ಯ ಕಾಗದ ಹಿಡಿದುಕೊಂಡೇ ಗುಡ್ಡ ಹತ್ತಿ ಬಂದ. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ.

"ಸರ್, ಎರಡನೇ ಬೋರು, ನಲವತ್ತೆರಡರಿಂದ ಅರವತ್ತೊಂದು. ಕಬ್ಬಿಣ ಎಷ್ಟಿದೆ ಗೊತ್ತಾ? ಬರೀ ಹನ್ನೊಂದು ಪರ್ಸೆಂಟು."

"ಇರಬಹುದು. ಅದಿರಿಲ್ಲವೆಂದು ನಾನೇ ಬರೆಸಿದ್ದೇನಲ್ಲ."

"ಏನಂತ ಬರೆಸಿದೀರಿ?"

"ಅದಿರಿಲ್ಲ."

ಶಿಷ್ಯ ಚೀಲದಿಂದ ಪುಟ ತೆಗೆದ. "ಇಲ್ಲಿ 'ಅದಿರೆಲ್ಲ' ಅಂತಿದೆ ಸರ್. ನಲವತ್ತೆರಡರಿಂದ ಅರವತ್ತೊಂದು ಅದಿರೆಲ್ಲ. ಎಲ್ಲಾ ಅದಿರು ಅಂತ ಅಲ್ವಾ ಅರ್ಥ? ನಾನು ಹಾಗೇ ಅಂದ್ಕೊಂಡು ಯಂತ್ರ ಪೂರ್ವಕ್ಕೆ ಎಳೆಸಿದೆ. ದಾರಿ ಕಡಿಸಿದೆ. ಮೂರನೇ ಬೋರು ಪೂರ್ತಿ ದಂಡ. ನೋಡಿ."

ಪುಟವನ್ನು ನನ್ನ ಮುಂದೆ ಹಿಡಿದ. ನೋಡಿದೆ. ಹೌದು ಎಂದೆ.

ರಕಾರದ ತಲೆಯ ಮೇಲೆ ಗುಡಿಸು ಇರಬೇಕಾದಲ್ಲಿ ಎತ್ವ ಕೂತಿದೆ. ಒಂದು ಗುಡಿಸು! ಗುಡ್ಡವನ್ನೇ ಅಡಿಮೇಲು ಮಾಡಿತು. ಅದಿರು ಮತ್ತು ಇಲ್ಲ ಸೇರಿದರೆ ಅದಿರಿಲ್ಲ. ಅದಿರು ಮತ್ತು ಎಲ್ಲ ಸೇರಿದರೆ ಅದಿರೆಲ್ಲ. ಎರಡೂ ಲೋಪಸಂಧಿಯೇ. ಎರಡೂ ಶುದ್ಧವೇ.

ಶಿಷ್ಯ ಟೀಚರನ್ನು ಕರೆದು ಕೇಳಿದ. ಅವಳು ಪುಟವನ್ನೂ ನನ್ನನ್ನೂ ನೋಡಿ, "ನಂಗೆ ಹಾಗೇ ಕೇಳಿಸ್ತು ಸರ್. ಎರಡ್ಸಲ ಕೇಳ್ದೆ" ಎಂದಳು.

೧೮ ಫೆಬ್ರವರಿ, ಬುಧವಾರ

ಶಿಷ್ಯ ರಾತ್ರಿ ಇಲ್ಲೇ ತಂಗಿದ್ದ. ಬೆಳಗ್ಗೆ ನನ್ನ ಡೇರೆಗೆ ಬಂದು, ಕುರ್ಚಿಯಿದ್ದರೂ ಪೆಟ್ಟಿಗೆಯ ಮೇಲೆ ಕೂತ. ಹಿಂದೆಲ್ಲ ತಪ್ಪು ಮಾಡಿದಾಗ ಹೀಗೇ ಕೂರುತ್ತಿದ್ದ.

"ಸರ್, ಮೇಲಿನವರಿಗೆ ಏನಾದ್ರೂ ಬರೀಲೇಬೇಕು. ಬರ್ಕೊಳ್ಳೋರು ತಪ್ಪಾಗಿ ಕೇಳಿಸ್ಕೊಂಡ್ರು ಅಂತ ಒಂದು ಸಾಲು ಹಾಕ್ತೀನಿ. ಟೀಚರ್ ಅವಧಿ ಹೇಗೂ ಈ ತಿಂಗಳಿಗೆ ಮುಗಿಯುತ್ತೆ. ಅಲ್ಲಿಗೆ ನಿಲ್ಲಿಸೋಣ."

"ಅದು ಸುಳ್ಳಲ್ಲವಲ್ಲ. ಕೇಳಿಸಿಕೊಂಡದ್ದು ತಪ್ಪೇ."

"ಸುಳ್ಳಲ್ಲ ಸರ್." ಆಮೇಲೆ ಕೇಳಿದ, "ಆದ್ರೆ ನೀವು ಓದಿ ಸಹಿ ಮಾಡಿದ್ರಲ್ಲ. ಓದುವಾಗ ಕಾಣ್ಲಿಲ್ವಾ?"

"ಬಲ್ಬು ಮಂಕು."

"ಹೂಂ" ಎಂದ. ನನ್ನ ಮುಖ ನೋಡದೆ ಎದ್ದು ಹೋದ. ಬರೆ ಎಂದು ನಾನು ಹೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ.

ನನಗೆ ನನ್ನ ಮೇಲೆಯೇ ಏಕೆ ಇಷ್ಟು ಸಿಟ್ಟು ಬರುತ್ತಿದೆಯೋ ತಿಳಿಯದು. ತಪ್ಪು ಕೇಳಿಸಿಕೊಂಡವಳು ಅವಳು. ನಲವತ್ತು ವರ್ಷದ ಸಹಿ ನನ್ನದು. ಅವಳದು ಆರು ತಿಂಗಳು. ತೂಗಿ ನೋಡಿದರೆ ಯಾವುದು ಭಾರವೆಂದು ಯಾರಾದರೂ ಹೇಳಬಹುದು. ಸಂಜೆ ಪ್ರಾರ್ಥನೆಗೆ ಕೂತರೆ ಎರಡು ಸಲ ಎಣಿಕೆ ತಪ್ಪಿತು. ಚಾಪೆಯಲ್ಲಿ ಕಲ್ಲು ಸೇರಿಕೊಂಡಿದೆ.

೧೯ ಫೆಬ್ರವರಿ, ಗುರುವಾರ

ಟೀಚರು ಶೆಡ್ಡಿನಲ್ಲಿ ಪೆಟ್ಟಿಗೆಗಳ ಪಟ್ಟಿ ಮಾಡುತ್ತಿದ್ದರು. ಬೇರೆಯವರಿಗೆ ಒಪ್ಪಿಸಿ ಹೋಗಬೇಕೆಂದು ಶಿಷ್ಯ ಹೇಳಿದ್ದಾನಂತೆ. ಬಿಸಿಲಿಗೆ ತಗಡು ಟಕ್ ಟಕ್ ಎನ್ನುತ್ತಿತ್ತು. ನಾನು ಸುಮ್ಮನೆ ಕೂರಲಾರದೆ ಮೊದಲ ರಂಧ್ರದ ಪೆಟ್ಟಿಗೆಯಿಂದ ಒಂದು ಉರುಳೆ ಎತ್ತಿದೆ. ಅಂಗೈಗೆ ಭಾರವಾಗಿ, ಹಿತವಾಗಿತ್ತು.

"ಇದು ಎಷ್ಟನೆಯ ಮೀಟರಮ್ಮ?"

"ಇಪ್ಪತ್ತೆಂಟು ಸರ್. ಆ ಹೊಳೆಯೋ ಕಲ್ಲು."

"ಯಾವ ಹೊಳೆಯುವ ಕಲ್ಲು?"

ಅವರು ಪಟ್ಟಿಯನ್ನು ಕೆಳಗಿಟ್ಟರು. "ನಿಮ್ಮ ಕೈಲಿರೋದು ಸರ್."

"ಇದು ಹೊಳೆಯುತ್ತದೆಯೇ?"

"ಹೊಳೆಯುತ್ತೆ ಸರ್. ಈಗಲೂ ಹೊಳೀತಿದೆ. ಬಾಗಿಲಿಂದ ಬಿಸಿಲು ಬೀಳ್ತಿದೆಯಲ್ಲ, ತಿರುಗಿಸಿದಾಗೆಲ್ಲ ಮೀನಿನ ಹೊಟ್ಟೆ ಥರ ಮಿನುಗುತ್ತೆ."

ತಿರುಗಿಸಿದೆ. ಕಪ್ಪು. ಮತ್ತೆ ತಿರುಗಿಸಿದೆ. ಕಪ್ಪು. ಮಿನುಗುವ ಅದಿರನ್ನು ನಾನು ನಲವತ್ತು ವರ್ಷ ಹತ್ತು ಹೆಜ್ಜೆ ದೂರದಿಂದ ಗುರುತಿಸುತ್ತಿದ್ದೆ.

"ಅಂದೇ ಕಂಡಿತ್ತೇ?"

"ಕಂಡಿತ್ತು."

"ಹೊಳಪಿಲ್ಲವೆಂದು ಬರೆದಿರಲ್ಲ!"

"ಹೇಳಿದ್ದನ್ನಷ್ಟೇ ಬರಿ ಅಂದ್ರಲ್ಲ ಸರ್." ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಅವರೇ ಕೇಳಿದರು, "ಎಷ್ಟು ದಿನದಿಂದ ಸರ್?"

ಉರುಳೆಯನ್ನು ಪೆಟ್ಟಿಗೆಗಿಟ್ಟು ಹೊರಬಂದೆ. ಗಿಡ್ಡ ಮೆಟ್ಟಿಲನ್ನು ಕಾಲಿನಿಂದ ತಡವಿದೆ. ಎಲ್ಲ ಮೆಟ್ಟಿಲೂ ಒಂದೇ ಎತ್ತರ.

೨೦ ಫೆಬ್ರವರಿ, ಶುಕ್ರವಾರ

ನಡುಮಧ್ಯಾಹ್ನ ಆ ಪುಟವನ್ನು ಬಯಲಿಗೆ ಒಯ್ದೆ. ಸೂರ್ಯನಿಗಿಂತ ದೊಡ್ಡ ಬಲ್ಬು ದೇವರ ಬಳಿಯೂ ಇಲ್ಲ. ಪುಟದ ಮೇಲೆ ಬೂದಿ ಬಣ್ಣದ ಇರುವೆಗಳು. ಮೂಗಿಗೆ ತಾಗಿಸಿದೆ. ದೂರ ಹಿಡಿದೆ. ಒಂದು ಅಕ್ಷರವೂ ನಿಲ್ಲಲಿಲ್ಲ.

ಮೂರು ರಂಧ್ರಗಳಿಗೆ ಮೂವತ್ತೊಂದು ಪುಟ. ಒಂದನ್ನೂ ಓದಿಲ್ಲ.

ಈ ದಿನಚರಿಯನ್ನೂ ಕೈಯ ರೂಢಿಯಿಂದ ಬರೆಯುತ್ತಿದ್ದೇನೆ. ಬರೆದದ್ದನ್ನು ಓದಿ ನೋಡಿಲ್ಲ. ಏನು ಬರೆದಿದ್ದೇನೋ.

ನನ್ನವಳಿಗೆ ಫೋನು ಮಾಡಿ ಹೇಳಿದೆ. ಜಗಳವಾಡುತ್ತಾಳೆಂದುಕೊಂಡಿದ್ದೆ. "ನಂಗೆ ಗೊತ್ತಿತ್ತು ಕಣ್ರೀ" ಎಂದಳು, ಅಷ್ಟೇ. ಆಮೇಲೆ, "ಆ ಟೀಚರಮ್ಮನ ಕೆಲಸ?" ಎಂದಳು. ಅವರ ವಿಷಯ ಇವಳಿಗೆ ನಾನು ಯಾವಾಗ ಹೇಳಿದ್ದೆನೋ ನೆನಪಿಲ್ಲ. ಬಹುಶಃ ದಿನವೂ ದೂರು ಹೇಳುತ್ತಿದ್ದೆ.

೨೧ ಫೆಬ್ರವರಿ, ಶನಿವಾರ

ಮೇಲಿನವರಿಗೆ ಪತ್ರ ಬರೆದೆ. ಬರೆದು ಮುಗಿಸುವಷ್ಟರಲ್ಲಿ ನನ್ನ ತಾಳ್ಮೆಯೂ ಟೀಚರ ತಾಳ್ಮೆಯೂ ಎರಡೆರಡು ಬಾರಿ ಮುಗಿದವು.

ಮೊದಲನೆಯ ಪ್ರತಿಯನ್ನು ಬೆಳಗಿನ ಪ್ರಾರ್ಥನೆಯಾದ ಮೇಲೆ ಬಹಳ ಯೋಚಿಸಿ ಕಟ್ಟಿದ್ದೆ. ಶೆಡ್ಡಿಗೆ ಒಯ್ದು, ಓದಿ ಹೇಳಿ ಎಂದೆ. ಅವರು ಓದಿದರು: "ದೃಷ್ಟಿಮಾಂದ್ಯದ ನಿಮಿತ್ತವಾಗಿ ಪುಟಗಳ ಪರಾಮರ್ಶೆಯಲ್ಲಿ ಕಿಂಚ್ಯ... ಕಿಂಚಿತ್ ನ್ಯೂನತೆ ಸಂಭವಿಸಿರುವುದು ಗಮನಕ್ಕೆ ಬಂದಿರುತ್ತದೆ." ಓದಿ, ಹಾಳೆಯನ್ನು ಪೆಟ್ಟಿಗೆಯ ಮೇಲಿಟ್ಟರು.

"ಏನು? ತಪ್ಪಿದೆಯೇ?"

"ತಪ್ಪಿಲ್ಲ ಸರ್. ಆದ್ರೆ ಇದ್ರಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲವೆಂದರೆ?"

"ನ್ಯೂನತೆ ಸಂಭವಿಸಿತು ಅಂತಿದೆ. ಅದೇನು ಮಳೆನಾ ಸರ್, ತಾನಾಗೇ ಸಂಭವಿಸೋಕೆ? ಗಮನಕ್ಕೆ ಬಂತು ಅಂತಿದೆ. ಯಾರ ಗಮನಕ್ಕೆ?" ಸ್ವಲ್ಪ ಹಿಂಜರಿದು, ಮಕ್ಕಳಿಗೆ ಕೇಳುವ ದನಿಯಲ್ಲಿ ಕೇಳಿದರು, "ಕರ್ತೃಪದ ಎಲ್ಲಿ ಸರ್?"

ನನಗೆ! ಕರ್ತೃಪದವೆಲ್ಲಿ ಎಂದು ನನಗೆ! ಎದ್ದು ಹೋಗಬೇಕೆಂದಿದ್ದೆ. ಎದ್ದರೆ ಬಾಗಿಲು ಯಾವ ಕಡೆ ಎಂದು ತಡವಬೇಕಿತ್ತು, ಕೂತೆ.

"ಹಾಗಾದರೆ ನೀವೇ ಬರೆದುಕೊಳ್ಳಿ, ಹೇಳುತ್ತೇನೆ."

"ಇಲ್ಲ ಸರ್. ಇದನ್ನ ನಾನು ಬರೆದ್ರೆ ಮತ್ತೆ ನಾನು ತಪ್ಪು ಕೇಳಿಸ್ಕೊಂಡೆ ಅಂತಾರೆ. ನೀವೇ ಬರೀಬೇಕು."

ಹೊಸ ಹಾಳೆ ತಂದರು. ಸಾಲು ವಾಲದಿರಲೆಂದು ಅಡಿಪಟ್ಟಿಯನ್ನು ಅಡ್ಡ ಇಟ್ಟು ಹಿಡಿದುಕೊಂಡರು. ನಾನು ಅದರ ಅಂಚಿಗೆ ಪೆನ್ನು ತಾಗಿಸಿ ಬರೆದೆ: ನನಗೆ ಕಣ್ಣು ಕಾಣುವುದಿಲ್ಲ.

ಬರೆದ ಮೇಲೆ ಹೊಳೆಯಿತು. 'ನನಗೆ' ಎಂಬುದು ಚತುರ್ಥಿ ವಿಭಕ್ತಿ. ಕಾಣದಿರುವ ಕೆಲಸ ಕಣ್ಣಿನದಾಯಿತು. ನಾನು ಮತ್ತೆ ತಪ್ಪಿಸಿಕೊಂಡೆ. ಎಂಥ ಕಳ್ಳ ಭಾಷೆ ಇದು! ಅಥವಾ ಎಂಥ ಕಳ್ಳ ಮನುಷ್ಯ. ಅವರು ಅಡಿಪಟ್ಟಿಯನ್ನು ಒಂದು ಸಾಲು ಕೆಳಗಿಳಿಸಿ ಕಾದರು.

ನಾನು ಮೂವತ್ತೊಂದು ಪುಟಗಳಲ್ಲಿ ಒಂದನ್ನೂ ಓದಲಿಲ್ಲ. ಓದಿದೆನೆಂದು ಸಹಿ ಮಾಡಿದೆ. ಟೀಚರು ಎರಡು ಸಲ ಕೇಳಿದರು. ನಾನು ಗದರಿಸಿದೆ. ಬಿಡಿಸಿ ಬರೆಯುತ್ತೇನೆ ಎಂದಿದ್ದರು. ನಾನು ಬೇಡ ಎಂದೆ. ಎಲ್ಲ ಕೋರನ್ನೂ ಕಣ್ಣು ಕಾಣುವವರು ಮೊದಲಿನಿಂದ ನೋಡಬೇಕು.

ಇಷ್ಟನ್ನು ಬರೆಯಲು ಅರ್ಧ ಗಂಟೆ ಹಿಡಿಯಿತು.

ಹನ್ನೊಂದು ಗಂಟೆಗೆ ಶಿಷ್ಯ ಬಂದ. ನಿಂತೇ ಓದಿದ. ಎರಡನೆಯ ಸಲ ಓದುವಾಗ ಪೆಟ್ಟಿಗೆಯ ಮೇಲೆ ಕೂತ.

"ಸರ್, ಇದು ಹೋದ್ರೆ ನಿಮ್ಮ ಸಹಿಯನ್ನ ಇನ್ನು ಯಾರೂ ತಗೋಳಲ್ಲ. ಹಳೇ ರಿಪೋರ್ಟುಗಳನ್ನೂ ಕೆದಕ್ತಾರೆ. ನಮ್ಮ ಭಾಷೇಲಿ ಬರೆಯೋ ವಿಷ್ಯ ಅಂತೂ ಮರೆತೇಬಿಡಿ."

"ಆ ತಪ್ಪು ಭಾಷೆಯದ್ದಲ್ಲ. ಬೇಕಾದರೆ ಅದನ್ನೂ ಒಂದು ಸಾಲು ಬರೆಯುತ್ತೇನೆ."

"ಬೇಡ ಸರ್, ಬೇಡ." ಹಣೆ ಉಜ್ಜಿಕೊಂಡ. ಸಿಟ್ಟೋ, ದುಃಖವೋ, ದನಿಯಿಂದ ತಿಳಿಯಲಿಲ್ಲ. ಮುಖದಿಂದ ತಿಳಿಯುವ ದಿನಗಳು ಮುಗಿದಿವೆ. ಕೊನೆಗೆ ಟೀಚರ ಕಡೆ ತಿರುಗಿ, "ಸೋಮವಾರ ಬೇರೊಬ್ಬರು ಬರ್ತಾರೆ. ಅವರ ಜೊತೆ ಮೊದಲನೇ ಪೆಟ್ಟಿಗೆಯಿಂದ ಶುರು ಮಾಡಿ. ನಿಮ್ಮ ಆರ್ಡರು ಮುಂದಿನ ವಾರ ಕಳಿಸ್ತೀನಿ" ಎಂದ.

"ಎಷ್ಟು ತಿಂಗಳಿಗೆ ಸರ್?"

"ಕಾಯಂ."

ಅವರು ಕೈಯಲ್ಲಿದ್ದ ಒಪ್ಪಿಸುವ ಪಟ್ಟಿಯನ್ನು ಮಡಿಚಿ ಮಡಿಚಿ ಬಹಳ ಸಣ್ಣದು ಮಾಡಿದರು. ಕಾಗದದ ಸದ್ದು ಕೇಳುತ್ತಿತ್ತು.

ಶಿಷ್ಯ ಪತ್ರವನ್ನು ಬೆಳಕಿಗೆ ಹಿಡಿದ. "ನಾಲ್ಕನೇ ಸಾಲು ಐದನೇದರ ಮೇಲೆ ಹತ್ತಿದೆ ಸರ್. ಒಂದೆರಡು ಒತ್ತಕ್ಷರ ಬಿಟ್ಟುಹೋಗಿದೆ. ನೀಟಾಗಿ ಟೈಪ್ ಮಾಡಿಸಿ ಕಳಿಸ್ಲಾ?"

ಒತ್ತಕ್ಷರ ಬಿಟ್ಟಿದೆಯೆಂದ ಮೇಲೆ ಬಾಯಿ ತೆರೆದೆ. ನನಗಿಂತ ಮೊದಲು ಟೀಚರು ಹೇಳಿದರು:

"ಬೇಡ ಸರ್, ಹೀಗೇ ಹೋಗ್ಲಿ. ಓದಕ್ಕೆ ಬರುತ್ತೆ."

ಹಾಗೆಯೇ ಹೋಯಿತು.